ಮೀಸೆ ಎಣಿಸಿ, ಅಂಗುಳ ನೋಡಿ

ಮುಂಬಯಿ ಮಾರುಕಟ್ಟೆಯ ಶಿಂಗಾಳಾ ನಮ್ಮ ಮಂಗಳೂರು ಕಡೆಯ ತೇಡೆ. ಚೆನ್ನೈಯಲ್ಲಿ ಅದು ಕೆಳುತ್ತಿ, ಕೇರಳದಲ್ಲಿ ಏಟ್ಟ. ಒಂದೇ ಮೀನಿಗೆ ಇಷ್ಟೊಂದು ಹೆಸರೇ ಎನ್ನಬೇಡಿ. ಈ ಒಂದೊಂದು ಹೆಸರಿನಡಿಯೂ ಹಲವು ಪ್ರಭೇದಗಳಿವೆ. ಎಲ್ಲವೂ ಏರಿಯಿಡೇ ಕುಟುಂಬದವು. ಹುರುಪೆಯಿಲ್ಲದ ಮೈ, ಮೀಸೆ, ಚುಚ್ಚುವ ಮುಳ್ಳು ಎಲ್ಲಕ್ಕೂ ಇವೆ.

ಹಾಗಾದರೆ ಗುರುತಿಸುವುದು ಹೇಗೆ? ಪ್ರೋಗ್ರಾಂ ಬರೆಯುವವರಿಗೆ ಈ ದಾರಿ ಹೊಸದಲ್ಲ: ಒಂದೊಂದೇ ಪ್ರಶ್ನೆ ಕೇಳುತ್ತಾ ಕವಲೊಡೆಯುತ್ತಾ ಹೋಗಬೇಕು. ಮೊದಲು ಮೀಸೆ ಎಣಿಸಿ. ಒಂದೇ ಜೊತೆಯಿದ್ದು, ಅದೂ ಕಡ್ಡಿಯಂತೆ ಸೆಟೆದಿದ್ದರೆ ಅದು ಆಸ್ಟಿಯೋಜೆನಿಯೋಸಸ್ ಮಿಲಿಟಾರಿಸ್. ಮೂರು ಜೊತೆಯಿದ್ದರೆ ಬಾಯಿ ತೆರೆದು ಅಂಗುಳ ನೋಡಿ. ಎರಡೂ ಬದಿಯಲ್ಲಿ ಹಲ್ಲಿನ ಮೂರು ಮೂರು ತೇಪೆಗಳು ತ್ರಿಕೋನವಾಗಿ ಕೂಡಿದ್ದರೆ ನೆಟೂಮಾ ಥಲಸ್ಸಿನಾ ಇರಬಹುದು. ಕಾಳಿನಂಥ ಮೊಂಡು ಹಲ್ಲುಗಳು ಹಿಂದಕ್ಕೆ ಸರಿದಿದ್ದರೆ ಪ್ಲಿಕೊಫೋಲಿಸ್ ಡುಸ್ಸುಮಿಯೇರಿ ಇರಬಹುದು. ಇಷ್ಟಕ್ಕೂ ಬಗೆಹರಿಯದಿದ್ದರೆ ತಲೆಯ ಮೇಲಿನ ಎಲುಬಿನ ಕವಚ, ಕಿವಿರಿನ ಮುಳ್ಳುಗಳ ಲೆಕ್ಕ, ಕೊನೆಗೆ ಡಿಎನ್‌ಎ.

ಹೆಸರುಗಳದ್ದು ಇನ್ನೊಂದು ತೊಡಕು. ಫ್ರಾನ್ಸಿಸ್ ಡೇ 1877ರಲ್ಲಿ ಏರಿಯಸ್ ಟೆನುಯಿಸ್ಪಿನಿಸ್ ಎಂದು ಕರೆದ ಮೀನು ಹಳೆಯ ವರದಿಗಳಲ್ಲಿ ಟ್ಯಾಕಿಸೂರಸ್, ಇಂದು ಪ್ಲಿಕೊಫೋಲಿಸ್. ಮೂರನ್ನೂ ಜೋಡಿಸಿಕೊಳ್ಳದಿದ್ದರೆ ಹಳೆಯ ಅಂಕಿ-ಅಂಶ ಹೊಸದಕ್ಕೆ ತಾಳೆಯಾಗುವುದಿಲ್ಲ.

ಪಲ್ಯದ ರುಚಿಗೆ ಇದರಿಂದೇನು ಎನ್ನುವಿರಾ? ತೇಡೆ ಬಂಗುಡೆಯಂತೆ ಲಕ್ಷಗಟ್ಟಲೆ ಮೊಟ್ಟೆಯಿಡುವುದಿಲ್ಲ. ಇಡುವುದು ಗೋಲಿ ಗಾತ್ರದ ಕೆಲವೇ ಮೊಟ್ಟೆ. ಅವನ್ನು ಗಂಡು ತನ್ನ ಬಾಯಲ್ಲಿಟ್ಟು, ಉಪವಾಸವಿದ್ದು, ಮರಿಯಾಗುವವರೆಗೆ ಕಾಯುತ್ತದೆ. 1970ರ ದಶಕದ ಕೊನೆಯಲ್ಲಿ ಕರ್ನಾಟಕದ ಕಡಲಲ್ಲಿ ಪರ್ಸೀನ್ ಬಲೆ ಹರಡಿದಾಗ, ಮೊಟ್ಟೆ ಹೊತ್ತ ಗಂಡುಗಳ ಹಿಂಡುಗಳೇ ಸಿಕ್ಕಿಬಿದ್ದವು. ಬಾಯಿಂದುದುರಿದ ಮೊಟ್ಟೆ ದೋಣಿಯಲ್ಲೇ ಹಾಳಾಯಿತು. ಹೀಗೆ ಹೆಚ್ಚು ಪೆಟ್ಟು ತಿಂದದ್ದು ಅದೇ ಟೆನುಯಿಸ್ಪಿನಿಸ್. ಮುಂದೆ ಅದರ ಹಿಡುವಳಿ ಕುಸಿಯಿತು.

ಎಲ್ಲವನ್ನೂ ‘ತೇಡೆ’ ಎಂದು ಒಂದೇ ಬುಟ್ಟಿಗೆ ಸುರಿದು ತೂಗಿದರೆ ಇಂಥ ಕುಸಿತ ಕಣ್ಣಿಗೆ ಬೀಳದು. ಒಂದು ಪ್ರಭೇದ ಬರಿದಾಗುತ್ತಿದ್ದರೂ ಇನ್ನೊಂದು ಬುಟ್ಟಿಯನ್ನು ತುಂಬುತ್ತದೆ, ತೂಕ ಸರಿಯಾಗಿಯೇ ಇರುತ್ತದೆ. ಯಾವುದನ್ನು, ಯಾವ ತಿಂಗಳಲ್ಲಿ ಹಿಡಿಯದೆ ಬಿಡಬೇಕೆಂದು ಹೇಳಲು ಮೊದಲು ಅದು ಯಾವುದೆಂದು ತಿಳಿದಿರಬೇಕು. ಮುಂದಿನ ಸಲ ತೇಡೆ ಕೊಂಡಾಗ, ತಲೆ ಕತ್ತರಿಸುವ ಮೊದಲು ಒಮ್ಮೆ ಬಾಯಿ ತೆರೆಸಿ ನೋಡಿ. ಮುಳ್ಳಿನ ಬಗ್ಗೆ ಮಾತ್ರ ಎಚ್ಚರ!