ಅಗ್ಗದ ಉಡುಪಿನ ಬೆಲೆ ತೆರುವವರು ಯಾರು?

ಮೇ 1ರಂದು ಧರ್ಮಸಭೆಯು ಶ್ರಮಜೀವಿ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತದೆ. 2013ರಲ್ಲಿ ಆ ಹಬ್ಬದ ದಿನ ಬಲಿಪೂಜೆಯನ್ನರ್ಪಿಸುತ್ತಾ ಜಗದ್ಗುರು ಫ್ರಾನ್ಸಿಸ್ ಅವರು ಬಾಂಗ್ಲಾದೇಶದ ಸಿದ್ಧ ಉಡುಪು ಕಾರ್ಮಿಕರನ್ನು ನೆನೆದರು. ತಿಂಗಳಿಗೆ 38 ಯೂರೋಗಳಿಗೆ ದುಡಿಯುತ್ತಿದ್ದ ಆ ಬಡವರ ಸ್ಥಿತಿಯನ್ನು ಅವರು ಗುಲಾಮಗಿರಿಯೆಂದೇ ಕರೆದರು.

ಆ ಮಾತಿಗೆ ಕಾರಣವಾದ ದುರಂತ ಸಂಭವಿಸಿದ್ದು ಒಂದು ವಾರದ ಹಿಂದೆ, ಏಪ್ರಿಲ್ 24ರಂದು. ಢಾಕಾದ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಝಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1,134 ಮಂದಿ ಅಸುನೀಗಿದರು. ಎರಡು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಹಿಂದಿನ ದಿನವೇ ಕಟ್ಟಡದಲ್ಲಿ ಬಿರುಕು ಕಾಣಿಸಿತ್ತು. ಕೆಳಗಿನ ಬ್ಯಾಂಕು ಮತ್ತು ಅಂಗಡಿಗಳು ಮುಚ್ಚಿದವು. ಮೇಲಿನ ಅಂತಸ್ತುಗಳ ಹೊಲಿಗೆ ಕಾರ್ಮಿಕರನ್ನು ಮಾತ್ರ ಮರುದಿನ ಒಳಗೆ ಕರೆಸಿಕೊಳ್ಳಲಾಯಿತು. ಹೋಗದಿದ್ದರೆ ಸಂಬಳ ಕೈತಪ್ಪೀತೆಂಬ ಭಯ ಅವರಿಗಿತ್ತು. ಹಡಗಿಗೆ ಸರಕು ತುಂಬಬೇಕಾದ ದಿನ ತಪ್ಪೀತೆಂಬ ಭಯ ಮಾಲೀಕರಿಗಿತ್ತು.

ಈ ಅವಸರ ಎಲ್ಲಿಂದ ಬಂದಿತು? ಹಿಂದೆ ವರ್ಷಕ್ಕೆ ಎರಡು ಋತುಗಳಿಗೆ ಹೊಸ ಉಡುಪುಗಳನ್ನು ಮಾರುಕಟ್ಟೆಗೆ ತರುತ್ತಿದ್ದ ದೊಡ್ಡ ಕಂಪೆನಿಗಳು ಇಂದು ವಾರವಾರವೂ ಹೊಸ ಮಾದರಿಗಳನ್ನು ತರುತ್ತಿವೆ. ಆ ಕಂಪೆನಿಗಳಿಗೆ ಸ್ವಂತ ಕಾರ್ಖಾನೆಗಳು ಬಹುಮಟ್ಟಿಗೆ ಇಲ್ಲ. ಕಡಿಮೆ ದರಕ್ಕೆ, ಕಡಿಮೆ ದಿನಗಳಲ್ಲಿ ಹೊಲಿದು ಕೊಡುವವನಿಗೆ ಗುತ್ತಿಗೆ ದೊರೆಯುತ್ತದೆ. ಆತ ಬಟ್ಟೆ, ಬಣ್ಣ, ವಿದ್ಯುತ್ತುಗಳ ದರವನ್ನು ಇಳಿಸಲಾರ. ಅವನು ಇಳಿಸಬಲ್ಲುದು ಹೊಲಿಯುವವಳ ಕೂಲಿಯನ್ನು ಮಾತ್ರ. ಅಂಗಡಿಯಲ್ಲಿ ನಾವು ಕಾಣುವ ರಿಯಾಯಿತಿ ಮಾರಾಟದ ಫಲಕದ ಹಿಂದೆ ಇರುವ ಲೆಕ್ಕ ಇದು.

ಇದು ಪರದೇಶದ ಕತೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಲ್ಲಿ, ರಾಮನಗರ, ಮಂಡ್ಯಗಳಲ್ಲಿ ಲಕ್ಷಾಂತರ ಮಹಿಳೆಯರು ಇದೇ ಉದ್ದಿಮೆಯನ್ನು ನಂಬಿ ಬದುಕುತ್ತಿದ್ದಾರೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣವನ್ನು ಹಿಂಪಡೆಯಲು ಕೇಂದ್ರ ಸರಕಾರ ನಿರ್ಬಂಧ ಹೇರಿದಾಗ, ಯಾವ ದೊಡ್ಡ ನಾಯಕರೂ ಇಲ್ಲದೆ ಅವರು ಬೀದಿಗಿಳಿದರು. ಎರಡೇ ದಿನಗಳಲ್ಲಿ ಸರಕಾರ ಆ ಆದೇಶವನ್ನು ಹಿಂತೆಗೆದುಕೊಂಡಿತು. ಕೆಲವು ಸಾವಿರ ರೂಪಾಯಿಗಳ ಉಳಿತಾಯಕ್ಕಾಗಿ ಅಷ್ಟೊಂದು ಮಹಿಳೆಯರು ಹೆದ್ದಾರಿಯಲ್ಲಿ ಕುಳಿತರೆಂದರೆ, ಅವರ ತಿಂಗಳ ಸಂಬಳದಲ್ಲಿ ಉಳಿಯುವುದೇನೂ ಇಲ್ಲವೆಂದೇ ಅರ್ಥ.

ಮನುಷ್ಯನ ಶ್ರಮದಂತೆಯೇ ಪ್ರಕೃತಿಯೂ ಇಲ್ಲಿ ಸುಲಿಗೆಗೊಳಗಾಗಿದೆ. ಒಂದು ಹತ್ತಿಯ ಅಂಗಿಗೆ, ಹತ್ತಿ ಬೆಳೆಯುವುದರಿಂದ ಮೊದಲ್ಗೊಂಡು, ಸುಮಾರು 2,700 ಲೀಟರ್ ನೀರು ಬೇಕೆಂದು ಅಂದಾಜಿಸಲಾಗಿದೆ. ಕೊಡಗಿನಲ್ಲಿ ಹುಟ್ಟುವ ನಮ್ಮ ಕಾವೇರಿಯನ್ನು ತಮಿಳುನಾಡಿನಲ್ಲಿ ಸೇರುವ ನೊಯ್ಯಲ್ ನದಿಯು ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ಕೊಳಚೆಯಿಂದ ವಿಷವಾಯಿತು. ಹೊಲಗಳಿಗೆ ನೀರುಣಿಸಲೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಕೊಳಚೆಯ ಕೊಳವಾಯಿತು. ರೈತರು ನ್ಯಾಯಾಲಯದ ಮೆಟ್ಟಲೇರಿದರು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಅಲ್ಲಿನ ನೂರಾರು ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಬೇಕಾಯಿತು. ಇನ್ನು ಇಂದು ಜಗತ್ತಿನಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಪೆಟ್ರೋಲಿಯಂನಿಂದ ಮಾಡುವ ಪಾಲಿಯೆಸ್ಟರ್. ಅದು ಮಣ್ಣಿನಲ್ಲಿ ಕರಗದು. ಪ್ರತಿ ಒಗೆತದಲ್ಲೂ ಅದರ ಸೂಕ್ಷ್ಮ ಎಳೆಗಳು ನೀರಿನೊಡನೆ ಸಾಗಿ ಕಡಲು ಸೇರುತ್ತವೆ.

ಬಿಸುಟ ಬಟ್ಟೆಗಳ ಗತಿಯೇನು? ದಕ್ಷಿಣ ಅಮೆರಿಕದ ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಶ್ರೀಮಂತ ದೇಶಗಳಲ್ಲಿ ಮಾರಾಟವಾಗದೆ ಉಳಿದ ಮತ್ತು ತೊಟ್ಟು ಬಿಸುಟ ಬಟ್ಟೆಗಳು ಗುಡ್ಡಗಳಂತೆ ಬಿದ್ದಿರುವ ಚಿತ್ರಗಳನ್ನು 2021ರಲ್ಲಿ ಜಗತ್ತು ಕಂಡಿತು. ಆಫ್ರಿಕದ ಘಾನಾ ದೇಶದ ಅಕ್ರಾ ನಗರದ ಕಾಂಟಮಾಂಟೊ ಪೇಟೆಗೆ ಬರುವ ಇಂತಹ ಹಳೆಯ ಬಟ್ಟೆಗಳನ್ನು ಅಲ್ಲಿನ ಜನ ತಮ್ಮ ಭಾಷೆಯಲ್ಲಿ ‘ಸತ್ತ ಬಿಳಿಯನ ಬಟ್ಟೆ’ ಎನ್ನುತ್ತಾರೆ. ಇಷ್ಟು ಒಳ್ಳೆಯ ಬಟ್ಟೆಯನ್ನು ಬದುಕಿರುವವನು ಬಿಟ್ಟುಕೊಡಲಾರನೆಂದು ಅವರು ಮೊದಲು ಭಾವಿಸಿದ್ದರಂತೆ. ಈಗ ಅಲ್ಲಿಗೆ ಬರುವ ಮೂಟೆಗಳಲ್ಲಿ ದೊಡ್ಡದೊಂದು ಪಾಲು ಉಡಲೂ ಯೋಗ್ಯವಲ್ಲದೆ ಕಸಕ್ಕೆ ಸೇರುತ್ತಿದೆ.

ನಮ್ಮ ಮನೆಗಳತ್ತಲೂ ಒಮ್ಮೆ ನೋಡೋಣ. ನಮ್ಮ ಅಜ್ಜಿಯಂದಿರು ಮದುವೆಯಲ್ಲಿ ಉಟ್ಟ ಸಾಡೊ ಸೀರೆಯನ್ನು ಜೀವಮಾನವಿಡೀ ಜೋಪಾನವಾಗಿರಿಸಿಕೊಂಡರು. ಹರಿದ ಸೀರೆ ಹೊದಿಕೆಯಾಯಿತು, ಮಗುವಿನ ತೊಟ್ಟಿಲಿಗೆ ಹಾಸಾಯಿತು, ಕೊನೆಗೆ ನೆಲ ಒರಸುವ ಅರಿವೆಯಾಯಿತು. ಇಂದು ರೋಸ್‌ಗೆ ಒಂದು, ವಿವಾಹದ ಬಲಿಪೂಜೆಗೆ ಒಂದು, ಸಂಜೆಯ ಸತ್ಕಾರಕೂಟಕ್ಕೆ ಇನ್ನೊಂದು. ಬಂಧುಬಳಗಕ್ಕೆಲ್ಲ ಒಂದೇ ಬಣ್ಣದ ಉಡುಪು. ಛಾಯಾಚಿತ್ರ ತೆಗೆದ ಮೇಲೆ ಅದಕ್ಕೆ ಕಪಾಟಿನಲ್ಲಿಯೇ ವಾಸ. ಕಪಾಟು ತುಂಬಿದಾಗ ಕಟ್ಟು ಕಟ್ಟಿ ಚರ್ಚಿಗೆ ಕೊಟ್ಟು, ಬಡವರಿಗೆ ದಾನ ಮಾಡಿದೆವೆಂಬ ಸಮಾಧಾನ ಪಡೆಯುತ್ತೇವೆ.

ದಾನ ಒಳ್ಳೆಯದೇ. ಎರಡು ಅಂಗಿಗಳುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದು ಸ್ನಾನಿಕ ಯೊವಾನ್ನರು ಬೋಧಿಸಿದರು. ಆದರೆ ಇಪ್ಪತ್ತು ಅಂಗಿಗಳನ್ನು ಕೊಂಡು, ಬೇಸರವಾದ ಹತ್ತನ್ನು ಕೊಡುವುದು ಆ ಬೋಧನೆಯ ಪಾಲನೆಯೆನಿಸದು. ಕೂಲಿಯವರಿಗೆ ಸಲ್ಲದ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಾಕೋಬರು ಎಚ್ಚರಿಸಿದ್ದಾರೆ. ಕಾರ್ಮಿಕನ ಕುಟುಂಬ ಮರ್ಯಾದೆಯಿಂದ ಬಾಳಲು ಸಾಕಾಗುವ ಕೂಲಿ ನ್ಯಾಯದ ಪ್ರಶ್ನೆಯೇ ಹೊರತು ಭಿಕ್ಷೆಯಲ್ಲವೆಂಬ ತತ್ತ್ವವನ್ನು ಜಗದ್ಗುರು ಹದಿಮೂರನೇ ಲಿಯೋ ಅವರು 1891ರ ‘ರೇರುಮ್ ನೊವಾರುಮ್’ ಪತ್ರದಲ್ಲಿ ಎತ್ತಿಹಿಡಿದರು. ಆ ಪರಂಪರೆಯನ್ನು ಸ್ಮರಿಸಿಯೇ 2025ರಲ್ಲಿ ಆಯ್ಕೆಯಾದ ಹೊಸ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಎಂಬ ಹೆಸರನ್ನು ಧರಿಸಿದರು. ಕೊಳ್ಳುವುದು ಬರೇ ವ್ಯವಹಾರವಲ್ಲ, ಅದಕ್ಕೆ ನೈತಿಕ ಹೊಣೆಯೂ ಇದೆಯೆಂಬುದನ್ನು ಹದಿನಾರನೇ ಬೆನೆಡಿಕ್ಟ್ ಅವರು 2009ರಲ್ಲಿ ಬೋಧಿಸಿದರು. ಫ್ರಾನ್ಸಿಸ್ ಅವರು 2015ರ ‘ಲಾವ್ದಾತೊ ಸಿ’ಯಲ್ಲಿ ಅದನ್ನು ಪುನರುಚ್ಚರಿಸಿದರು.

ನಾವು ಕೊಳ್ಳುವುದನ್ನು ಕಡಿಮೆ ಮಾಡಿದರೆ ಹೊಲಿಯುವವರ ಅನ್ನಕ್ಕೆ ಕಲ್ಲು ಬೀಳುವುದಿಲ್ಲವೇ ಎಂಬ ಪ್ರಶ್ನೆ ಸಹಜ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಉಡುಪಿನ ಮಾರಾಟ ಬೆಲೆಯಲ್ಲಿ ಹೊಲಿಗೆಯ ಕೂಲಿ ತೀರಾ ಸಣ್ಣ ಪಾಲು. ಕೂಲಿ ಹೆಚ್ಚಿದರೂ ಉಡುಪಿನ ಬೆಲೆ ಗಗನಕ್ಕೇರುವುದಿಲ್ಲ. ರಾಣಾ ಪ್ಲಾಝಾದ ನಂತರ ಗ್ರಾಹಕರ ಹಾಗೂ ಕಾರ್ಮಿಕ ಸಂಘಗಳ ಒತ್ತಡಕ್ಕೆ ಮಣಿದು ಅನೇಕ ಕಂಪೆನಿಗಳು ಕಟ್ಟಡ ಮತ್ತು ಬೆಂಕಿ ಸುರಕ್ಷೆಯ ಒಪ್ಪಂದಕ್ಕೆ ಸಹಿ ಹಾಕಿದವು. ಬಾಂಗ್ಲಾದೇಶದಲ್ಲಿ 3,000 ಟಾಕಾ ಇದ್ದ ಕನಿಷ್ಠ ವೇತನ ಅದೇ ವರ್ಷದ ಕೊನೆಗೆ 5,300ಕ್ಕೆ, 2023ರ ಕೊನೆಗೆ 12,500ಕ್ಕೆ ಏರಿತು. ಬೆಲೆಯೇರಿಕೆಯ ಮುಂದೆ ಇದು ಸಾಲದು. ಆದರೂ ದನಿಯೆತ್ತಿದರೆ ಫಲವಿದೆಯೆಂಬುದಕ್ಕೆ ಇದು ಸಾಕ್ಷಿ.

ಆದುದರಿಂದ ಸಮುದಾಯ ಬಾಂಧವರಲ್ಲಿ ನಮ್ಮ ವಿನಂತಿಯಿಷ್ಟೆ. ಮುಂದಿನ ಮದುವೆಯ ಖರ್ಚಿನ ಪಟ್ಟಿ ಬರೆಯುವಾಗ ಒಂದು ಉಡುಪು ಕಡಿಮೆಯಾಗಲಿ. ಹರಿದುದನ್ನು ನಮ್ಮೂರಿನ ದರ್ಜಿಯ ಕೈಗೆ ಕೊಟ್ಟು, ಅವನು ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಸಲ್ಲಿಸೋಣ. ನಮ್ಮ ಧರ್ಮಕೇಂದ್ರಗಳ ಸಂಘಟನೆಗಳು ಹಳೆಯ ಬಟ್ಟೆ ಸಂಗ್ರಹಿಸುವುದರ ಜೊತೆಗೆ, ಬಟ್ಟೆ ಹೊಲಿಯುವವರ ಕೂಲಿಯ ಬಗ್ಗೆಯೂ ಒಂದು ದಿನ ಚರ್ಚಿಸಲಿ. ಬರುವ ಮೇ 1ರ ಹಬ್ಬಕ್ಕಿಂತ ತಕ್ಕ ದಿನ ಅದಕ್ಕೆ ಬೇರೊಂದಿಲ್ಲ.