ಹಾಡು ಕಟ್ಟುವ ಆಟ: ಪುಟ್ಟ ಮಕ್ಕಳ ಕೈಗೆ ಕೊಡಬಹುದೇ?



"ನಮ್ಮ ಮಗು ಕಾರ್ಟೂನ್ ನೋಡ್ತಾ ಇಲ್ಲ, ಮ್ಯೂಸಿಕ್ ಗೇಮ್ ಆಡ್ತಾ ಇದೆ" ಎಂದು ನೆಮ್ಮದಿಯಿಂದ ಹೇಳುವವರು ಈಗ ಬಹಳ ಜನ. ಆ ನೆಮ್ಮದಿ ಎಷ್ಟು ಸರಿ? ಒಂದೇ ಆಟವನ್ನು ಇಟ್ಟುಕೊಂಡು ನೋಡೋಣ. ಗೂಗಲ್ 2016ರಲ್ಲಿ ಹೊರತಂದ ಕ್ರೋಮ್ ಮ್ಯೂಸಿಕ್ ಲ್ಯಾಬ್. ದುಡ್ಡು ಬೇಡ, ಲಾಗಿನ್ ಬೇಡ, ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ.

ಇದರಲ್ಲಿ ಪಾಯಿಂಟ್ ಇಲ್ಲ, ಲೆವೆಲ್ ಇಲ್ಲ, ಸೋಲು-ಗೆಲುವು ಇಲ್ಲ, ಮಧ್ಯೆ ನುಗ್ಗುವ ಜಾಹೀರಾತೂ ಇಲ್ಲ. ಮಕ್ಕಳಿಗೆ ಮೊಬೈಲ್ ಗೇಮ್‌ನ ಚಟ ಹತ್ತಿಸುವುದು ಬಹುಪಾಲು ಇವೇ ಅಲ್ಲವೇ? ಕ್ಯಾಂಡಿನ್‌ಸ್ಕಿ ಎಂಬ ಭಾಗದಲ್ಲಿ ಮಗು ಗೀಟು ಎಳೆದರೆ ಅದು ಸ್ವರವಾಗುತ್ತದೆ. 2018ರಲ್ಲಿ ಸೇರಿದ ಸಾಂಗ್ ಮೇಕರ್‌ನಲ್ಲಿ ಬಣ್ಣದ ಚೌಕಗಳನ್ನು ತುಂಬುತ್ತಾ ಹಾಡು ಕಟ್ಟಬಹುದು. ಮೇಲಿನ ಚೌಕಕ್ಕೆ ಮೇಲಿನ ಸ್ವರ, ಕೆಳಗಿನದಕ್ಕೆ ಕೆಳಗಿನ ಸ್ವರ. ಸ್ವರದ ಏರಿಳಿತವನ್ನು ನಾಲ್ಕು ವರ್ಷದ ಮಗುವಿಗೆ ಬಾಯಲ್ಲಿ ವಿವರಿಸಿ ನೋಡಿ, ಆಗ ಇದರ ಬೆಲೆ ತಿಳಿಯುತ್ತದೆ. ಸೆಟ್ಟಿಂಗ್‌ನಲ್ಲಿ ಪೆಂಟಟಾನಿಕ್ ಆರಿಸಿದರೆ ಐದೇ ಸ್ವರ ಉಳಿಯುತ್ತವೆ. ಚೆನ್ನೈನಲ್ಲಿರುವ ನೀವು ಮೋಹನ ಎನ್ನುತ್ತೀರಿ, ಪುಣೆಯಲ್ಲಿರುವ ನೀವು ಭೂಪ್ ಎನ್ನುತ್ತೀರಿ. ಮಗು ಎಲ್ಲಿ ಒತ್ತಿದರೂ ಕಿವಿಗೆ ಹಿತ.

ತೊಂದರೆಯೂ ಅಲ್ಲೇ ಇದೆ. ಈ ಆಟ ಮಗುವಿಗೆ ತಪ್ಪಲು ಬಿಡುವುದಿಲ್ಲ. ಚೌಕ ತುಂಬಿದ ಮೇಲೆ ತಾಳ ಹಿಡಿಯುವುದು ಯಂತ್ರ, ಮಗು ಅಲ್ಲ. ಆದರೆ ಲಯ ಕೂಡುವುದು ಮೈಯಲ್ಲಿ. ಚಪ್ಪಾಳೆ ಮುಂಚೆ ಬೀಳಬೇಕು, ತಡವಾಗಬೇಕು, ಪಕ್ಕದವರನ್ನು ಕೇಳಿಸಿಕೊಂಡು ಕಾಯಬೇಕು. ಡಬ್ಬವನ್ನು ಮೆತ್ತಗೆ ಬಡಿದರೆ ಒಂದು ಸದ್ದು, ಜೋರಾಗಿ ಬಡಿದರೆ ಇನ್ನೊಂದು. ಗಾಜಿನ ಪರದೆಯ ಚೌಕಕ್ಕೆ ಎರಡೂ ಒಂದೇ. ಇನ್ನು ಗಮಕ? ಸಾಂಗ್ ಮೇಕರ್‌ನ ಸ್ವರಗಳು ಮೆಟ್ಟಿಲಿನಂತೆ ಹಾರುತ್ತವೆ, ನಮ್ಮ ಸಂಗೀತದಲ್ಲಿ ಸ್ವರ ತೂಗುತ್ತದೆ, ಜಾರುತ್ತದೆ. ಆದ್ದರಿಂದ ಇದನ್ನು ಸಂಗೀತ ಪಾಠವೆಂದು ಎಣಿಸಬೇಡಿ.

ಸಂಗೀತವಿದೆ ಎಂದ ಮಾತ್ರಕ್ಕೆ ಪರದೆ ಪರದೆಯಲ್ಲದೆ ಹೋಗುವುದೂ ಇಲ್ಲ. ಭಾರತೀಯ ಮಕ್ಕಳ ತಜ್ಞರ ಸಂಸ್ಥೆಯ ಸಲಹೆಯಂತೆ 2 ವರ್ಷದೊಳಗಿನವರಿಗೆ ಪರದೆ ಬೇಡ (ಮನೆಯವರೊಂದಿಗೆ ವಿಡಿಯೋ ಕರೆ ಬೇರೆ ಮಾತು), 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದೂ ದೊಡ್ಡವರು ಜೊತೆಗಿದ್ದು. ಈ ಆಟವೂ ಆ ಒಂದು ಗಂಟೆಯೊಳಗೇ ಬರಬೇಕು, ಅದರ ಮೇಲಲ್ಲ. ಇಯರ್‌ಫೋನ್ ಬೇಡವೇ ಬೇಡ. ಮಲಗುವ ಮುಂಚಿನ ಒಂದು ಗಂಟೆಯೂ ಬೇಡ.

ನನ್ನ ಅಭಿಪ್ರಾಯ ಕೇಳಿದರೆ, ಮೂರು ವರ್ಷ ತುಂಬಿದ ಮೇಲೆ ಕೊಡಿ, ತೊಡೆಯ ಮೇಲೆ ಕೂರಿಸಿಕೊಂಡು, ಹದಿನೈದು ನಿಮಿಷ. ಅಡುಗೆ ಮುಗಿಯುವವರೆಗೆ ಸುಮ್ಮನಿರಲಿ ಎಂದು ಕೈಗೆ ಕೊಡುವುದಾದರೆ ಎರಡು ಸ್ಟೀಲ್ ಡಬ್ಬ, ಒಂದು ಸೌಟು ಮೇಲು. ಗಲಾಟೆಯಾಗುತ್ತದೆ, ಆಗಲಿ.

ನಮ್ಮಂಥ ಹೊರನಾಡಿನವರಿಗೆ ಇನ್ನೊಂದು ಅನುಕೂಲವಿದೆ. ಯೂಟ್ಯೂಬ್‌ನ ಶಿಶುಗೀತೆಗಳು ಸಾಮಾನ್ಯವಾಗಿ ಮಕ್ಕಳ ಕಿವಿಗೆ ಬೀಳುವುದು ಇಂಗ್ಲಿಷ್, ಹಿಂದಿಯಲ್ಲಿ. ಈ ಹಾಡಿಗೆ ಮಾತೇ ಇಲ್ಲ! ಮಗು ಕಟ್ಟಿದ ಧಾಟಿಗೆ ನೀವೇ ಕನ್ನಡ ಹಾಕಿ: ಮಗುವಿನ ಹೆಸರು, ಅಜ್ಜಿಯ ಊರು, ಬೆಳಗ್ಗೆ ತಿಂದ ಉಪ್ಪಿಟ್ಟು, ಏನಾದರೂ ಸರಿ. ಸೇವ್ ಮಾಡಿದರೆ ಒಂದು ಲಿಂಕ್ ಸಿಗುತ್ತದೆ, ಅದನ್ನು ಧಾರವಾಡದ ಅಜ್ಜಿಗೋ ಮೈಸೂರಿನ ತಾತನಿಗೋ ವಾಟ್ಸಾಪ್ ಮಾಡಿ. ಅವರು ಅದೇ ಧಾಟಿಗೆ ಹಾಡಿ ವಾಯ್ಸ್ ಮೆಸೇಜ್ ಕಳಿಸಲಿ. ಅದನ್ನು ಕೇಳುವಾಗ ಪರದೆ ಆಫ್ ಇರಲಿ, ಮಗು ಕೈತಟ್ಟಲಿ.

ನಿಮ್ಮ ಮಗು ಕಟ್ಟಿದ ಹಾಡಿಗೆ ಯಾವ ಮಾತು ಹಾಕಿದಿರಿ ಎಂದು ಗುಂಪಿನಲ್ಲಿ ತಿಳಿಸಿ. 🙏