ಬಕೆಟ್ಟು ತುಂಬೋಕೆ ಎಷ್ಟು ಹೊತ್ತು?



ನಿಟ್ಟೂರು ಕಡೆಯ ಒಂದು ಶಾಲೆ. ಪರಿಸರ ಪಾಠಕ್ಕೆ ಅಂತ ಮೇಷ್ಟ್ರು ಮಕ್ಕಳನ್ನ ಬಾವಿ ಹತ್ತಿರ ಕರಕೊಂಡು ಹೋದರು. ಒಳ್ಳೆ ಕೆಲಸವೇ. ಹಗ್ಗಕ್ಕೆ ಕಲ್ಲು ಕಟ್ಟಿ, ಮೀಟರಿಗೊಂದು ಗಂಟು ಹಾಕಿ, ನೀರು ಎಷ್ಟು ಕೆಳಗಿದೆ ಅಂತ ಅಳೆಯೋದು. ಹಗ್ಗ ಬಿಟ್ಟವರು ಊರೊಳಗಿನ ಮಕ್ಕಳು. ನಮ್ಮ ಕೇರಿಯ ಹುಡುಗಿಗೆ ‘ನಿನ್ನ ಅಕ್ಷರ ಚೆನ್ನಾಗಿದೆ, ಅಲ್ಲೇ ಮರದ ಕೆಳಗೆ ನಿಂತು ಬರಕೋ’ ಅಂದರು. ಬರಕೊಂಡಳು. ಅಂಕಿ ಒಂದೂ ತಪ್ಪಿರಲಿಲ್ಲ. ಬಾವಿಯೊಳಗಿನ ನೀರನ್ನು ಮಾತ್ರ ಅವಳು ನೋಡಲಿಲ್ಲ. ಇದನ್ನು ನಮಗೆ ಹೇಳುವಾಗ ಆಕೆಗೆ ಸಿಟ್ಟಿರಲಿಲ್ಲ, ಅಕ್ಷರ ಹೊಗಳಿದರಲ್ಲ ಅಂತ ಖುಷಿಯಲ್ಲೇ ಇದ್ದಳು. ಸಿಟ್ಟು ಬಂದದ್ದು ನಮಗೆ.

ಮಹಾಡದ ಪುರಸಭೆ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ 1924ರಲ್ಲೇ ಠರಾವು ಮಾಡಿತ್ತು. ಆದರೂ ನೀರು ಮುಟ್ಟಲು ಬಾಬಾಸಾಹೇಬರು 1927ರ ಮಾರ್ಚ್ 20ರಂದು ಸಾವಿರಾರು ಜನರೊಂದಿಗೆ ಕೆರೆಗೆ ಇಳಿಯಬೇಕಾಯಿತು. ಪರಿಸರ ಪಾಠದ ಕಥೆಯೂ ಹೀಗೇ ಆಗಿದೆ. ಎಲ್ಲ ಮಕ್ಕಳಿಗೂ ಪರಿಸರ ಕಲಿಸಬೇಕು ಅಂತ ಸುಪ್ರೀಂ ಕೋರ್ಟು 1991ರಲ್ಲಿ ಹೇಳಿತು. ಪುಸ್ತಕ ಬಂತು. ‘ನೀರು ಅಮೂಲ್ಯ’ ಅಂತ ಮಕ್ಕಳು ಹತ್ತು ಸಲ ಬರೆದರು. ತಮ್ಮ ಬೀದಿ ನಲ್ಲಿಯಲ್ಲಿ ಎಷ್ಟು ಬರುತ್ತೆ ಅಂತ ಕೇಳಿ, ಗೊತ್ತಿಲ್ಲ.

ಇದನ್ನು ಅಳೆಯೋಕೆ ದೊಡ್ಡ ಲ್ಯಾಬು ಬೇಡ. 15 ಲೀಟರಿನ ಒಂದು ಬಕೆಟ್ಟು, ಒಂದು ಗಡಿಯಾರ ಸಾಕು. ಕೇರಿಯ ನಲ್ಲಿಯಲ್ಲಿ ಬಕೆಟ್ಟು ತುಂಬೋಕೆ 2 ನಿಮಿಷ ಹಿಡೀತು, ನೀರು ಬಿಟ್ಟದ್ದು 20 ನಿಮಿಷ ಅಂತ ಇಟ್ಟುಕೊಳ್ಳಿ. ಆ ಮನೆಗೆ ಸಿಕ್ಕಿದ್ದು 150 ಲೀಟರು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರು, ಅಂದರೆ ಐದು ಜನರ ಮನೆಗೆ 275. ಕಮ್ಮಿ ಬಿದ್ದದ್ದು 125 ಲೀಟರು. ಈಗ ಅದೇ ಬಕೆಟ್ಟು ತಗೊಂಡು ಮೇಲಿನ ಬೀದಿಗೆ ಹೋಗಿ. ಅಲ್ಲಿ ಅರ್ಧ ನಿಮಿಷಕ್ಕೆ ತುಂಬಿದರೆ ಅದೇ 20 ನಿಮಿಷಕ್ಕೆ 600 ಲೀಟರು. ಐದನೇ ಕ್ಲಾಸಿನ ಮಗು ಮಾಡಬಹುದಾದ ಗುಣಾಕಾರ ಇದು.

ಹಂಗಂತ ಅಳೆಯೋಕೆ ಮುಂಚೇನೇ ‘ಎಲ್ಲಾ ಜಾತಿ’ ಅಂತ ಕೂಗಬೇಡಿ. ಪೈಪಿನ ಕೊನೆಯಲ್ಲಿ ಒತ್ತಡ ಕಡಿಮೆ. ಮೇಲಿನವರು ನಲ್ಲಿಗೆ ಮೋಟಾರು ಸಿಕ್ಕಿಸಿದರೆ ಇನ್ನೂ ಕಡಿಮೆ. ಅಳೆದು, ಬರೆದಿಟ್ಟು, ಕಾರಣ ಹುಡುಕಿ. ಕೇರಿ ಯಾವಾಗಲೂ ಪೈಪಿನ ಕೊನೆಗೇ ಯಾಕೆ ಬರುತ್ತೆ ಅನ್ನೋ ಪ್ರಶ್ನೆಯನ್ನ ಆಮೇಲೆ ಕೇಳೋಣ. ಗಟ್ಟಿಯಾಗಿಯೇ ಕೇಳೋಣ.

ಮಳೆಯನ್ನೂ ಅಳೆಯಿಸಿ. ನೇರ ಗೋಡೆಯ ಡಬ್ಬ ಒಂದನ್ನು ಬಯಲಲ್ಲಿಟ್ಟು ಸ್ಕೇಲಿನಿಂದ ನೋಡಿದರಾಯಿತು. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರು ನೀರು. ಹಾಸ್ಟೆಲ್ಲಿನ ಸೂರು 200 ಚದರ ಮೀಟರಿದ್ದರೆ 10 ಮಿಲಿಮೀಟರಿನ ಒಂದು ಮಳೆಗೆ 2000 ಲೀಟರು ಚರಂಡಿಗೆ ಹೋಯಿತು. ಸ್ನಾನಕ್ಕೆ ನೀರಿಲ್ಲ ಅಂತ ವಾರ್ಡನ್ ಹತ್ತಿರ ಜಗಳಕ್ಕೆ ಹೋಗುವಾಗ ಈ ಲೆಕ್ಕವೂ ಜೇಬಲ್ಲಿರಲಿ.

ಕಣ್ಣಿಗೆ ಕಾಣದ್ದೂ ಇದೆ. ನಮ್ಮ ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದವರನ್ನ, ಮೂಳೆ ಬಾಗಿದವರನ್ನ ನೋಡಿದ್ದೀರಿ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ದಾಟಬಾರದು. ನೀರು ಕಾಯಿಸಿದರೆ ಹೋಗುವಂಥದ್ದಲ್ಲ ಅದು, ಆರಿದಷ್ಟೂ ಗಟ್ಟಿಯಾಗುತ್ತೆ. ಇದಕ್ಕೆ ಪರೀಕ್ಷೆ ಕಿಟ್ಟು ಬೇಕು. ಪ್ರತಿ ಹಳ್ಳಿಯಲ್ಲಿ ಐವರಿಗೆ, ಸಾಧ್ಯವಾದಷ್ಟು ಹೆಂಗಸರಿಗೇ, ಈ ಕಿಟ್ಟಿನ ತರಬೇತಿ ಕೊಡಬೇಕು ಅಂತ ಅದೇ ಮಿಷನ್ ಹೇಳಿದೆ. ನಿಮ್ಮ ಪಂಚಾಯಿತಿಯಲ್ಲಿ ಆ ಐವರು ಯಾರು, ಅವರಲ್ಲಿ ಕೇರಿಯವರು ಎಷ್ಟು ಜನ, ಕಿಟ್ಟು ಯಾರ ಮನೆ ಅಟ್ಟದ ಮೇಲಿದೆ, ವಿಚಾರಿಸಿ.

ಹಾಸ್ಟೆಲ್ ಹುಡುಗ ಹುಡುಗಿಯರೇ, ಈ ಭಾನುವಾರ ಊರಿಗೆ ಹೋದವರು ಕೇರಿಯ ಮಕ್ಕಳನ್ನ ಸೇರಿಸಿ ಎರಡೂ ಬೀದಿಯ ನಲ್ಲಿ ಅಳೆಯಿಸಿ. ಬಾವಿಯ ಹತ್ತಿರ ದೊಡ್ಡವರು ಜೊತೆಗಿರಲಿ, ಆದರೆ ಹಗ್ಗ ಮಕ್ಕಳ ಕೈಯಲ್ಲೇ ಇರಲಿ. ಯಾರಾದರೂ ತಡೆದರೆ ಅದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆಗೆ ಆ ಪುಸ್ತಕ ತನ್ನಿ. ತಾರೀಖು, ಗಂಟೆ, ಬೀದಿ ಹೆಸರು ಮರೆಯಬೇಡಿ. ಅವಿಲ್ಲದ ಅಂಕಿಯನ್ನು ಗ್ರಾಮಸಭೆಯಲ್ಲಿ ಯಾರೂ ಒಪ್ಪೋದಿಲ್ಲ.